ಹೂಳಿನ ಎಣಿಕೆ

ಮಾರ್ಚಿನ ನಸುಕು. ಸರೋವರದ ಮೇಲೆ ಮೊಣಕಾಲುದ್ದ ಮಂಜುಗಡ್ಡೆ.
ತೌನೊ ಕಬ್ಬಿಣದ ಹಾರೆಯಿಂದ ಎರಡು ಸಲ ಕುಟ್ಟಿ
ಕಿವಿಗೊಟ್ಟ, ಮಡಕೆ ಕೊಳ್ಳುವವರ ಹಾಗೆ.
"ಬನ್ನಿ" ಎಂದ.

ಇರ್ಮೆಲಿ, ಆಗ ನಿಮಗೆ ಇಪ್ಪತ್ತಾರು.
ನಾನು ಹತ್ತೊಂಬತ್ತರ ಹುಡುಗ, ದಿನಗೂಲಿಗೆ
ನಿಮ್ಮ ಸಾಮಾನಿನ ಜಾರುಬಂಡಿ ಎಳೆಯಲು ಬಂದವನು.
ಡ್ರೈ ಐಸ್ ತುಂಬಿದ ಉದ್ದನೆ ತಗಡಿನ ಪೆಟ್ಟಿಗೆಯನ್ನು
ತೂತಿನೊಳಗೆ ಇಳಿಬಿಟ್ಟು ಕಾದೆವು,
ಮೂಗಿನ ತುದಿ ಯಾರದೋ ಆಗುವವರೆಗೆ.
ಮೇಲೆ ಬಂದಾಗ ಅದರ ಮೈಗೆಲ್ಲ ಕೆಸರು
ಹೆಪ್ಪುಗಟ್ಟಿ ಅಂಟಿತ್ತು, ಗೆರೆಗೆರೆಯಾಗಿ:
ಹಿಮ ಕರಗಿದ ಹೊಳೆ ತಂದದ್ದು ಬಿಳುಪು,
ಮಂಜಿನಡಿ ಸದ್ದಿಲ್ಲದೆ ಇಳಿದದ್ದು ಕಪ್ಪು,
ಎರಡೂ ಸೇರಿ ಒಂದು ವರ್ಷ,
ರಾಗಿಕಾಳಿನ ಅರ್ಧದಷ್ಟು ದಪ್ಪ.

ಹೂಳು ಎನ್ನುತ್ತೇವೆ. ಅದು ಹೂಳುವುದೇನನ್ನೂ ಇಲ್ಲ,
ಜೋಪಾನ ಮಾಡುತ್ತದೆ.

ತುರ್ಕುವಿನ ನೆಲಮಾಳಿಗೆ. ಸೂಜಿ, ಸೂಕ್ಷ್ಮದರ್ಶಕ,
ಫ್ಲಾಸ್ಕಿನಲ್ಲಿ ಆರಿದ ಕಾಫಿ.
ನೀವು ಎಣಿಸಿದ್ದು ಎರಡು ಸಾವಿರದ ಇನ್ನೂರ ಹದಿನಾಲ್ಕು.
ನಾನು ಎಣಿಸಿದ್ದು ಎರಡು ಸಾವಿರದ ಇನ್ನೂರ ಇಪ್ಪತ್ತೈದು.
ಆ ಹನ್ನೊಂದಕ್ಕಾಗಿ ಎರಡು ವರ್ಷ ಜಗಳವಾಡಿದೆವು
ಪಾಲಿಗೆ ನಿಂತ ದಾಯಾದಿಗಳ ಹಾಗೆ.
ಜಗಳದ ನಡುವೆಯೇ ಒಂದು ಮಧ್ಯಾಹ್ನ
ಸಾವಿರದ ಎಂಟುನೂರ ಅರವತ್ತೇಳರ ಗೆರೆ ತೋರಿಸಿದಿರಿ:
ಜೂನ್ ಬಂದರೂ ಸರೋವರ ಕಣ್ಣು ಬಿಡದ ವರ್ಷ,
ಪೈನ್ ತೊಗಟೆ ಕುಟ್ಟಿ ರೊಟ್ಟಿ ತಟ್ಟಿದ ವರ್ಷ.
"ನಮ್ಮ ಮುತ್ತಜ್ಜಿಯ ಮೂವರು ಅಣ್ಣಂದಿರು" ಎಂದಿರಿ,
ಸೂಜಿಯ ಮೊನೆ ಎತ್ತದೆ,
ಮುಂದಿನ ಗೆರೆಗೆ ಹೋದಿರಿ.

ಹುದ್ದೆ ಬಂತು, ತಡವಾಗಿ. ಮದುವೆ ಎಂಟು ಚಳಿಗಾಲ ಬಾಳಿತು;
ಅದರ ಬಗ್ಗೆ ನೀವು ಆಡಿದ್ದು ಒಂದೇ ಮಾತು:
"ಮಾರ್ಚಿನಲ್ಲಿ ನಾನು ಮನೆಯಲ್ಲಿ ಇದ್ದದ್ದೇ ಇಲ್ಲ."
ಸಮಿತಿಯಲ್ಲೊಬ್ಬರು, ಕೆಸರಿಗೆ ಇಷ್ಟು ದುಡ್ಡೇ ಎಂದು ಕೇಳಿದಾಗ
ಹೆಪ್ಪಿನ ತುಂಡೊಂದನ್ನು ಮೇಜಿನ ಮೇಲಿಟ್ಟು ಮಾತಾಡಿದಿರಿ.
ಮಾತು ಮುಗಿಯುವ ಹೊತ್ತಿಗೆ ಇನ್ನೂರು ವರ್ಷ ಕರಗಿ
ಅವರ ಕಡತದ ಮೇಲೆ ಹರಿದಿತ್ತು.
ದುಡ್ಡು ಆ ಸಲವೂ ಬರಲಿಲ್ಲ.

ಆಮೇಲೆ, ಹೊಸದಾಗಿ ತೆಗೆದ ಹೂಳಿನ ನೆತ್ತಿಯಲ್ಲಿ,
ನಾವಿಬ್ಬರೂ ಬದುಕಿದ್ದ ವರ್ಷಗಳಲ್ಲಿ
ನಿಮ್ಮ ಸೂಜಿ ತಡವರಿಸಿತು.
ಜನವರಿಯಲ್ಲಿ ಮಳೆ. ಫೆಬ್ರವರಿಯಲ್ಲಿ ಕರಗಿ ಮತ್ತೆ ಹೆಪ್ಪು.
ಒಮ್ಮೆ ಬರಬೇಕಾದ ಹೊಳೆ ನಾಲ್ಕು ಸಲ ಬಂದು ಹೋಗಿ
ಬಿಳುಪು ಎಲ್ಲಿ, ಕಪ್ಪು ಎಲ್ಲಿ,
ಎಲ್ಲ ಪಾತ್ರೆ ತೊಳೆದ ನೀರಿನ ಬಣ್ಣ.
ಎರಡು ಸಾವಿರ ವರ್ಷ ದುಂಡಗೆ ಬರೆದ ಕೈ
ಅಕ್ಷರ ಕಲಸುತ್ತಿತ್ತು.
ನೀವು ಯಾರಿಗೂ ಹೇಳದೆ ಕಣ್ಣಿನ ವೈದ್ಯರ ಬಳಿ ಹೋದಿರಿ.
ಕಣ್ಣು ಸರಿಯಾಗಿತ್ತು.
ಬಸ್ ನಿಲ್ದಾಣದಿಂದ ನನಗೆ ಫೋನ್ ಮಾಡಿ
ಅದನ್ನು ಹೇಳುವಾಗ
ನಿಮ್ಮ ದನಿಯಲ್ಲಿ ಇದ್ದದ್ದು ಸಮಾಧಾನವಲ್ಲ.

ಎಣಿಸಿದ್ದೊಂದು, ಆದದ್ದೊಂದು.

ಈ ಮಾರ್ಚಿಗೆ ನಿಮ್ಮ ನಿವೃತ್ತಿ. ಕೊನೆಯದೊಂದು ಸಲ ಎಂದು ಹೋದೆವು.
ತೌನೊಗೆ ಎಂಬತ್ತೆರಡು. ಹಾರೆ ಅದೇ.
ಕುಟ್ಟಿದ. ಎರಡನೆಯ ಏಟು ಬೇಕಾಗಲಿಲ್ಲ,
ಹಾರೆ ಮೊಣಕೈವರೆಗೆ ಒಳಗಿಳಿಯಿತು.
"ಬೇಡ" ಎಂದ.

ದಂಡೆಯ ಬಂಡೆಯ ಮೇಲೆ ಕೂತು
ರೈ ರೊಟ್ಟಿ, ಉಪ್ಪು ಮೀನು ಬಿಚ್ಚಿದೆವು.
ನೀವು ಬಹಳ ಹೊತ್ತು ನೀರನ್ನೇ ನೋಡಿ
"ನಿನ್ನ ಲೆಕ್ಕವೇ ಇರಲಿ" ಎಂದಿರಿ.
"ಹನ್ನೊಂದು ಚಳಿಗಾಲ ಜಾಸ್ತಿ ಇದ್ದರೆ
ಯಾರಿಗೇನು ನಷ್ಟ?"

ನಾನು ಹೂಂ ಎನ್ನಲಿಲ್ಲ.
ಆ ಹನ್ನೊಂದನ್ನು ಎಲ್ಲಿ ಕಂಡಿದ್ದೆನೋ,
ನಿದ್ದೆಗಣ್ಣಿನಲ್ಲಿ ಒಂದೇ ಗೆರೆಯನ್ನು
ಎರಡೆರಡು ಸಲ ಮುಟ್ಟಿದ್ದೆನೋ.

ತೌನೊ ಬಾಯಿ ಒರೆಸಿಕೊಂಡು ಎದ್ದ,
ಕೊಟ್ಟಿಗೆಯಿಂದ ದೋಣಿ ಎಳೆದು ತರಲು.