ಸಿಂಬೆ

ಶಾಲೆಯ ಮೈದಾನದಲ್ಲಿ ಇಂದು ಪಾಠವಿಲ್ಲ, ಪ್ರಾರ್ಥನೆಯಿಲ್ಲ.
ಬೋಲ್ಗಟಾಂಗದಿಂದ ಎರಡು ಲಾರಿ ಬಂದಿವೆ,
ಒಂದರಲ್ಲಿ ಸಿಪಾಯಿಗಳು, ಇನ್ನೊಂದರಲ್ಲಿ ಕುರ್ಚಿಗಳು.
ಮರುಭೂಮಿಯ ಗಾಳಿ ಮೂರು ದಿನದಿಂದ ನಿಂತಿಲ್ಲ.
ಬೂಟಿನ ಪಾಲಿಶಿನ ಮೇಲೆ ಕೆಂಪು ಧೂಳು
ಯಾರ ದರ್ಜೆಯನ್ನೂ ಕೇಳದೆ ಕೂತಿದೆ.

ಕ್ಯಾಪ್ಟನ್ ಹಾಳೆ ನೋಡಿ ಓದಿದ:
“ಪ್ರೈವೇಟ್ ಅಟಿಯಾ ಜುವಾರುಂಗು.”
ಜನ ಮುಖ ಮುಖ ನೋಡಿಕೊಂಡರು.
ಜುವಾರುಂಗು ನಮ್ಮ ಊರು.
ಊರು ಹೇಗೆ ಸಾಯುತ್ತದೆ?

ನನಗೆ ಗೊತ್ತಿತ್ತು. ಅವನ ಪಿಂಚಣಿಯ ಕಾಗದ ಬರೆಯುತ್ತಿದ್ದವನು ನಾನು,
ಹನ್ನೊಂದು ವರ್ಷ, ವರ್ಷಕ್ಕೆರಡು ಸಲ:
‘ಕೆಳಗೆ ಹೆಬ್ಬೆಟ್ಟು ಒತ್ತಿದ ನಾನು ಇನ್ನೂ ಬದುಕಿದ್ದೇನೆ.’
ಭರ್ತಿಯ ದಿನ ಗುಮಾಸ್ತ ಕೇಳಿದನಂತೆ, ಹೆಸರು?
ಅಟಿಯಾ.
ಮುಂದಿನದು?
ಮುಂದಿನದು ಇರಲಿಲ್ಲ.
ಎಲ್ಲಿಂದ ಬಂದೆ ಎಂದ, ಅದನ್ನೇ ಬರೆದುಕೊಂಡ.
ಸಾಲಿನಲ್ಲಿ ಹಿಂದೆ ನಿಂತ ನಲವತ್ತು ಜನ
ಅಂದು ಸಂಜೆಯೊಳಗೆ ಒಂದೇ ಮನೆತನದವರಾದರು.
ಆ ಮನೆತನದಲ್ಲಿ ಮರಳಿದವರು ಇಪ್ಪತ್ತಾರು.

‘ಬಂದೂಕು ಕೊಡುತ್ತೇವೆಂದು ಕರೆದರು, ಸಿಂಬೆ ಕೊಟ್ಟರು’
ಅವನ ಯುದ್ಧ ಯಾವಾಗಲೂ ಹೀಗೇ ಶುರುವಾಗುತ್ತಿತ್ತು.
ಬರ್ಮಾ ಎಂಬಲ್ಲಿ, ಹೇಸರಗತ್ತೆ ಮೊಣಕಾಲೂರುವ ಗುಡ್ಡದಲ್ಲಿ,
ತಲೆಯ ಮೇಲೆ ಮಾರ್ಟರ್ ಗುಂಡಿನ ಪೆಟ್ಟಿಗೆ, ಅಕ್ಕಿಮೂಟೆ,
ಒಮ್ಮೆ ಅಧಿಕಾರಿಯೊಬ್ಬನ ಸ್ನಾನದ ತೊಟ್ಟಿ,
ಒಮ್ಮೆ, ತಿಂಗಳ ಮೇಲೆ, ಆ ಅಧಿಕಾರಿಯನ್ನೇ.
‘ಎರಡರಲ್ಲಿ ತೊಟ್ಟಿಯೇ ಭಾರ’ ಎಂದು
ಬೀರಿನ ಸೋರೆಬುರುಡೆಯೊಳಗೆ ನಗುತ್ತಿದ್ದ.
ನಗು ಮುಗಿಯುವ ಮೊದಲೇ ಕತ್ತು ಸವರಿಕೊಳ್ಳುತ್ತಿದ್ದ.

ನಮ್ಮಲ್ಲಿ ತಲೆಹೊರೆ ಹೆಂಗಸರ ಪಾಲು.
ಊರಿಗೆ ಬಂದವನು ಅದೊಂದನ್ನು ಮುಚ್ಚಿಟ್ಟ,
ಹುಲಿ ಕಂಡೆ ಎಂದ, ಜಿಗಣೆ ಎಂದ, ಸಮುದ್ರ ಎಂದ.
ಮದುವೆಯಾದ ಮೊದಲ ಬೇಸಿಗೆ
ನೀರು ಹೊತ್ತು ಬಂದ ಆಯಿನ್‌ಪೋಕಾಳ ಕೊಡಕ್ಕೆ ಕೈ ಕೊಟ್ಟವನು,
ಬಾಯಿ ತಪ್ಪಿ,
‘ಸಿಂಬೆ ಎಡಕ್ಕೆ ವಾಲಿದೆ ಕಣೇ, ಕತ್ತು ಹೋಗುತ್ತದೆ’ ಎಂದನಂತೆ.
ಆಗ ತಿಳಿಯಿತು ಅವಳಿಗೆ.
ಅವಳು ಯಾರಿಗೂ ಹೇಳಲಿಲ್ಲ. ನನಗೆ ಹೇಳಿದ್ದು ನಿನ್ನೆ ರಾತ್ರಿ,
ಹೆಣದ ಪಕ್ಕದಲ್ಲಿ, ದೀಪದ ಬತ್ತಿ ಏರಿಸುತ್ತ.

ಮೂರು ಸಲ ಗುಂಡು ಹಾರಿತು.
ಮೊದಲನೆಯದಕ್ಕೆ ಗಿನಿಕೋಳಿಗಳು ಬೇವಿನ ಮರ ಹತ್ತಿದವು.
ಎರಡನೆಯದಕ್ಕೆ ಮಗುವೊಂದು ಅತ್ತಿತು.
ಮೂರನೆಯದಕ್ಕೆ ಯಾರೂ ಬೆಚ್ಚಲಿಲ್ಲ,
ಅಷ್ಟು ಬೇಗ ರೂಢಿಯಾಗುತ್ತದೆ.
ಕಹಳೆಯವನು ಕೊನೆಯ ಸ್ವರಕ್ಕೆ ಧೂಳು ನುಂಗಿ ಕೆಮ್ಮಿದ.
ಹುಡುಗರು ಖಾಲಿ ತೋಟೆಗೆ ಹೊಂಚುತ್ತಿದ್ದರು.

ಪೆಟ್ಟಿಗೆಯ ಮೇಲಿನ ಬಾವುಟ ಮಡಿಸಿದರು.
ಕೆಂಪು, ಹಳದಿ, ಹಸಿರು; ಕರಿಯ ನಕ್ಷತ್ರ ಒಳಗೆ ಹೋಯಿತು.
ಅವನು ಹೊರುತ್ತಿದ್ದಾಗ ಈ ಬಾವುಟ ಇನ್ನೂ ಹುಟ್ಟಿರಲಿಲ್ಲ.

ಕ್ಯಾಪ್ಟನ್ ಬಾಗಿ ಮುಂದೆ ಹಿಡಿದ.
ಅವಳ ಒಂದು ಕೈಯಲ್ಲಿ ಕೋಲು,
ಇನ್ನೊಂದು ಮರಿಮಗಳ ಹೆಗಲ ಮೇಲೆ.
ಕೋಲನ್ನು ನನಗೆ ಕೊಟ್ಟು, ತಲೆಯ ಬಟ್ಟೆ ಬಿಚ್ಚಿ,
ಸುತ್ತಿ, ಸುತ್ತಿ, ಬೋಳುನೆತ್ತಿಯ ಮೇಲಿಟ್ಟುಕೊಂಡು
‘ಇಡಪ್ಪಾ’ ಎಂದಳು.
ಅವನ ಕೈಪಿಡಿಯಲ್ಲಿ ಇದಕ್ಕೆ ನಿಯಮವಿರಲಿಲ್ಲ.
ನನ್ನ ಕಡೆ ನೋಡಿದ. ನಾನೇನು ಹೇಳಲಿ,
ಬದುಕಿದವರ ಕಾಗದ ಬರೆಯುವವನು ನಾನು.
ಇಟ್ಟ.

ಗುಂಡಿ ತೋಡಿದ್ದು ಅವನ ಮನೆಯಂಗಳದಲ್ಲಿ, ಅರ್ಧ ಮೈಲಿ.
ಆರು ಹುಡುಗರು, ಬಿಳಿಯ ಕೈಗವಸು, ಹೆಗಲು ಕೊಟ್ಟರು.
ಹಿಂದಿನ ಎಡಗಡೆಯವನು ತುಸು ಗಿಡ್ಡ,
ಕರವಸ್ತ್ರ ಮಡಿಸಿ ಹೆಗಲಿಗೆ ಕೊಟ್ಟುಕೊಂಡಿದ್ದ,
ಯಾರು ಹೇಳಿಕೊಟ್ಟರೋ.
ರಾಗಿ ಕೊಯ್ದ ಹೊಲದ ನಡುವಿನ ಕಾಲುದಾರಿ;
ಮುಂದೆ ತಲೆಹೊರೆ, ಹಿಂದೆ ಹೆಗಲ ಹೊರೆ.
ತಿರುವಿನಲ್ಲಿ ಅವಳು ನಿಂತಳು. ಎಲ್ಲರೂ ನಿಂತರು.
ಎಡಕ್ಕೆ ವಾಲಿತ್ತು.
ಸರಿ ಮಾಡಿಕೊಂಡು ನಡೆದಳು.