ನೆನೆಹಾಕಿದ್ದು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ
ನಾವು ಹೋಗುವುದು ಬಿಟ್ಟ ವರ್ಷ
ಚಂದ್ರಿಕೆಗಳು ಗೋಡೆಗೊರಗಿ ಸುಮ್ಮನೆ ನಿಂತಿದ್ದವು.
ಬಿದಿರಿನ ಆ ಸುತ್ತುಗಳಲ್ಲೀಗ
ಚಿಪ್ಪಣಬೆ ಒಣಗುತ್ತದೆ.
ಮುರಿದರೆ ಟಪ್ಪೆನ್ನಬೇಕು,
ಬಗ್ಗಿತೋ, ಇನ್ನೊಂದು ದಿನ ಬಿಸಿಲು.

ಅತ್ತೆ ಅಕ್ಕಯ್ಯಮ್ಮನದು ಮೂವತ್ತು ವರ್ಷ
ನೂಲು ಬಿಚ್ಚಾಣಿಕೆಯ ಕುದಿನೀರಿನ ಮುಂದೆ.
ಬೆರಳ ತುದಿ ಬೆಂದು ಬೆಂದು ಗೆರೆಗಳೇ ಇಲ್ಲ;
ರೇಷನ್ ಅಂಗಡಿಯ ಯಂತ್ರಕ್ಕೆ ಅವಳು ಯಾರೂ ಅಲ್ಲ.
ನೀರಿಗೆ ಮಾತ್ರ ಅವಳ ಗುರುತಿದೆ.
ಪಾತ್ರೆಯಲ್ಲಿ ಬೆರಳದ್ದಿ ಹೇಳುತ್ತಾಳೆ:
‘ಇದು ಗೂಡಿಗಾಗೋ ಕಾವು, ಅಮ್ಮಣ್ಣಿ.
ಅಣಬೆಗೆ, ಕೂಸಿನ ಮೈಗೆ ಹುಯ್ಯೋಷ್ಟು ಸಾಕು.’

ಮೊದಲು ತಣ್ಣೀರಲ್ಲಿ ಜಾಲಿಸು.
ಆಮೇಲೆ ಬೆಚ್ಚನೆ ನೀರು, ಮೇಲೊಂದು ತಟ್ಟೆ,
ಮುದ್ದೆ ಬೇಯುವ ಹೊತ್ತು, ಅಷ್ಟೇ.
ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದಾಗ ಹಿಂಡಿ ಎತ್ತು.
ಆ ನೀರು ಹಳೇ ಪಂಚೆಯಲ್ಲಿ ಸೋಸು,
ತಳದ ಎರಡು ಬೆರಳಷ್ಟು ಬಿಟ್ಟು.
ಹುಲ್ಲಿನ ಚೂರು, ಮಣ್ಣು, ಎಲ್ಲ ಅಲ್ಲಿರುತ್ತೆ.
ಉಳಿದದ್ದು ಸಾರಿಗೆ. ಮರಳಿ ಮರಳಿ ಕುದಿಯಬೇಕು.

ಆವತ್ತು ಸಂಜೆ ನಾಲ್ಕಕ್ಕೆ ನೆನೆಹಾಕಿದ್ದೆ.
ಚಿಂತಾಮಣಿ ಆಸ್ಪತ್ರೆಯಿಂದ ಫೋನು:
ನಾದಿನಿ ಚೌಡೇಶ್ವರಿಗೆ ನೋವು ಶುರುವಾಗಿದೆ.
ಬಾಗಿಲಿಗೆ ಚಿಲಕ ಹಾಕಿದೆವೋ ಇಲ್ಲವೋ,
ಆಟೋ ಹತ್ತಿದೆವು.

ಮರುದಿನ ಮಧ್ಯಾಹ್ನ ಬಂದು ನೋಡಿದರೆ
ತಟ್ಟೆಯ ಕೆಳಗೆ ಹಾಗೇ ಇದೆ.
ಅಂಚಿಗೆ ನಾಲ್ಕಾರು ಸಣ್ಣ ಗುಳ್ಳೆ.
‘ವಾಸನೆ ಏನಿಲ್ಲ ಅತ್ತೆ, ಚೆನ್ನಾಗಿ ಕುದಿಸಿದರೆ…’
ನೆಲಕ್ಕೆ ಬಿದ್ದ ರಾಗಿಕಾಳು ಹೆಕ್ಕುವವಳು,
ಹಾಲಿನ ಕವರನ್ನೂ ತೊಳೆದು ಕಾಫಿಗೆ ಸುರಿಯುವವಳು,
ಪಾತ್ರೆ ಎತ್ತಿಕೊಂಡು ಹೋದಳು
ಹಿಪ್ಪುನೇರಳೆ ಸಾಲಿಗೆ.
ಗುಂಡಿ ತೋಡಿ ಸುರಿದು
ಕೋಳಿ ಕೆದಕದ ಹಾಗೆ ಮಣ್ಣು ಮುಚ್ಚಿದಳು.

‘ನೆನೆಹಾಕಿದ್ದನ್ನ ನೆನೀಲಿಲ್ಲ ಅಂದಮೇಲೆ
ಅದು ನಮ್ಮದಲ್ಲ.’

ಕೈ ತೊಳೆಯುತ್ತಾ ಇನ್ನೊಂದು ಮಾತು,
ನನಗೋ, ನಲ್ಲಿಗೋ:
ಬೆಟ್ಟದ ಬುಡದಲ್ಲಿ ಕಿತ್ತ ಅಣಬೆ,
ಗುರುತಿಲ್ಲದ್ದು, ಹಾರ ಕಟ್ಟಿ ಒಣಗಿಸಿದ್ದರಂತೆ.
‘ಬಿಸಿಲು ನೀರನ್ನ ತಗೀತದೆ, ವಿಷ ತಗಿಯಲ್ಲ.’
ಯಾರು ತಿಂದರು, ಹೇಳಲಿಲ್ಲ.
ನಾನೂ ಕೇಳಲಿಲ್ಲ.

ಸಂಜೆ ಇಬ್ಬರೂ ಕೂತು ಹೊಸ ಜಾಡಿ ತುಂಬಿದೆವು.
ಒಣ ಜಾಡಿ, ಒಣ ಕೈ,
ಹುರಿದು ಆರಿಸಿದ ಅಕ್ಕಿಯ ಪುಟ್ಟ ಗಂಟು ಒಳಗೆ.
ಒಂದು ಹನಿ ಬಿದ್ದರೂ ಇಡೀ ಜಾಡಿ ಬೂಷ್ಟು.
ತಾರೀಖು ಬರೆಯಲು ಅವಳಿಗೆ ಬಾರದು.
ಕೊನೆಯ ಗೂಡಿನ ನೂಲು ಇನ್ನೂ ಒಂದಿಷ್ಟಿತ್ತು,
ಜಾಡಿಯ ಕೊರಳಿಗೆ ಸುತ್ತಿದಳು:
ತಿಂಗಳಿಗೊಂದು ಗಂಟು,
ಆರಾದರೆ ಮೊದಲು ಇದೇ ಖರ್ಚಾಗಬೇಕು.

ಈಗ ಐದು.
ಚೌಡೇಶ್ವರಿಯ ಮಗ
ಜಾಡಿಯ ಕಡೆ ಕೈ ಚಾಚಿ ಬೋರಲು ಬೀಳುತ್ತಾನೆ.