ಇಳಿತಕ್ಕೆ ಆಟ

ಕ್ಲಬ್ಬಿನ ವಹಿ ನನ್ನ ಹತ್ತಿರ ಇದೆ, ಮೂರನೆಯದು.
ಮೊದಲನೆಯದನ್ನು ಗೆದ್ದಲು ಓದಿ ಮುಗಿಸಿತು,
ಎರಡನೆಯದು ಒಂದು ಶ್ರಾವಣದಲ್ಲಿ
ಪುರ್ಸುನ ದೋಣಿಯ ಜೊತೆಗೇ ಹೋಯಿತು.
ಹಾಗಾಗಿ ಮೊದಲ ಇಪ್ಪತ್ತು ವರ್ಷ ಬರೀ ಬಾಯಿಮಾತು,
ಹೇಳುವವರು ಕುಡಿದಷ್ಟೂ ಗೋಲು ಹೆಚ್ಚು.

ಚೆಂಡು ಬಂದ ಕತೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ:
ಬೈತಖೋಲದಲ್ಲಿ ಅದಿರು ತುಂಬಲು ನಿಂತ ಹಡಗಿನ
ಕೆಂಪು ಗಡ್ಡದ ಖಲಾಸಿಯೊಬ್ಬ
ಒಂದು ಬುಟ್ಟಿ ಬಂಗಡೆಗೆ ಬದಲಾಗಿ ಕೊಟ್ಟ ತೊಗಲಿನ ಚೆಂಡು.
ಪುರ್ಸು ತಾಂಡೇಲನ ಹೆಂಡತಿ ತುಳಸಾ ಮೂರು ದಿನ ಮಾತಾಡಲಿಲ್ಲ.
ಬುಟ್ಟಿಯೂ ಹೋಗಿತ್ತು.
ನಾಲ್ಕನೇ ದಿನ ಗೋಲಿನ ಹಿಂದೆ ಕೂತು ಮೀನು ಮಾರತೊಡಗಿದಳು.
ಕ್ಲಬ್ಬಿನ ಮೊದಲ ಚಂದಾ ಅವಳದೇ, ನಾಲ್ಕಾಣೆ,
ಅದೂ ಬೈದು ಕೊಟ್ಟದ್ದು.

ಕೋಡಿಬಾಗದಲ್ಲಿ, ಕಾಳಿ ಸಮುದ್ರ ಸೇರುವಲ್ಲಿ
ನೆಲವೆಂದರೆ ಕೈಗಡ.
ಇಳಿತಕ್ಕೆ ಕೊಡುತ್ತದೆ, ಭರತಿಗೆ ವಾಪಸು.
ಆ ಮರಳೇ ಮೈದಾನ:
ನಾಲ್ಕು ಗಾಳಿಮರದ ಕಂಬ, ಹರಿದ ರಂಪಣಿ ಬಲೆ,
ಹಿಮ್ಮಡಿಯಲ್ಲಿ ಗೀರಿದ ಗೆರೆ.
ಪಂದ್ಯ ಇಷ್ಟು ಗಂಟೆಗೆ ಎಂದು ನಾವೆಂದೂ ಬರೆದಿಲ್ಲ,
‘ಪಾಡ್ಯ, ಇಳಿತಕ್ಕೆ’ ಎಂದೇ ಬರೆದದ್ದು.
ಎರಡನೇ ಹಾಫಿನಲ್ಲಿ ಎಡಬದಿಯ ಗಣಬಾ
ಮೊಣಕಾಲುದ್ದ ನೀರಿನಲ್ಲಿ ಓಡುತ್ತಿದ್ದ.
ಒಮ್ಮೆ ಅವನ ಪಾಸಿನಲ್ಲಿ ಚೆಂಡಿನ ಜೊತೆ ಏಡಿಯೂ ಬಂತು.

ರೆಫರಿ ಇನಾಸ್ ಮಾಸ್ತರ, ಕೊರಳಲ್ಲಿ ಶಾಲೆಯ ಸೀಟಿ;
ಆಫ್‌ಸೈಡ್ ಎಂಬುದು ಅವರಿಗೆ ನಂಬಿಕೆಯಿಲ್ಲದ ದೇವರು.
ಚೆಂಡು ಉಪ್ಪುನೀರು ಕುಡಿದು ಕುಂಬಳಕಾಯಿ ಆದಾಗ
ತಲೆ ಕೊಟ್ಟವರ ಹಣೆಯ ಮೇಲೆ ಲೇಸಿನ ಬರೆ.
ಗನಿಸಾಬರ ಮದುವೆ ಫೋಟೋದಲ್ಲಿ ಅದು ಈಗಲೂ ಇದೆ,
ಸೆಹ್ರಾದ ಹೂವಿನ ಎಡೆಯಲ್ಲಿ.

ಇಲ್ಲಿ ನಮ್ಮನ್ನು ಸೋಲಿಸಿದವರಿಲ್ಲ.
ಕಾಣಕೋಣದವರು ಗಡಿ ದಾಟಿ ಬಂದರು,
ಮಿರುಗುವ ಬೂಟು ತೊಟ್ಟು ಹೂತುಹೋದರು.
ಎಂಬತ್ತೇಳರಲ್ಲಿ ನಾವು ಲಾರಿ ಹತ್ತಿ, ಘಟ್ಟ ಹತ್ತಿ
ಹುಬ್ಬಳ್ಳಿಗೆ ಹೋದೆವು. ಇಟ್ಟಿಗೆಯಂಥ ನೆಲ.
ಚೆಂಡು ಪುಟಿಯಿತು!
ಮರಳಲ್ಲಿ ಬಿದ್ದ ಚೆಂಡು ಬಿದ್ದಲ್ಲೇ ಕೂರುತ್ತದೆ,
ಪಂಕ್ತಿಗೆ ಕೂತವರ ಹಾಗೆ.
ಅಲ್ಲಿ ನಮ್ಮ ತಲೆ ದಾಟಿ ಹಾರಿ ಹಾರಿ ಹೋಯಿತು.
ವಹಿಯಲ್ಲಿ ನನ್ನದೇ ಅಕ್ಷರ:
‘ಲಾರಿ ಬಾಡಿಗೆ ೧೪೦, ಸೋಡಾ ೧೧.’
ಗೋಲಿನ ಕಾಲಂ ಖಾಲಿ ಬಿಟ್ಟಿದ್ದೇನೆ.
ಒಂಬತ್ತು.

ಲೀಗಿಗೆ ಸೇರಲು ಅರ್ಜಿ ಒಯ್ದವನೂ ನಾನೇ.
ಮೇಜಿನಾಚೆಯವನು ಒಳ್ಳೆಯವನು, ಚಹಾ ತರಿಸಿದ.
ಮೈದಾನದ ಉದ್ದ, ಅಗಲ?
ಎಷ್ಟು ಹೊತ್ತಿನದು, ಎಂದೆ.
ಸರ್ವೆ ನಂಬರು?
ಬಸಿಯಲ್ಲಿ ಚಹಾ ಆರುತ್ತಿತ್ತು.
ಮಳೆಗಾಲ ಕಳೆಯಲಿ, ಹೇಳುತ್ತೇನೆ, ಎಂದು ಎದ್ದೆ.

ಆ ಮಳೆಗಾಲ ಕಾಳಿ ಮಗ್ಗುಲು ಬದಲಿಸಿ
ನಮ್ಮ ಒಂದು ಗೋಲನ್ನು ಕಂಬಸಮೇತ ದೇವಬಾಗಕ್ಕೆ ಒಯ್ದಿತು.
ಕೇಳಲು ಹೋದರೆ ಅವರು ಅದಕ್ಕೆ ಸೀಗಡಿ ಬಲೆ ಒಣಹಾಕಿದ್ದರು.
ಒಣಗಲಿ ಎಂದು ಬಂದೆವು.
ಅರ್ಜಿ ಇನ್ನೂ ವಹಿಯೊಳಗಿದೆ, ಎಲೆ ಗುರುತಿಗೆ.

ಪುರ್ಸು ಇಲ್ಲ. ಗಣಬಾ ಈಗ ಏಡಿಯ ಹಾಗೆ
ಅಡ್ಡಡ್ಡ ಕಾಲಿಟ್ಟು ಪೇಟೆಗೆ ಹೋಗುತ್ತಾನೆ.
ನಮ್ಮ ಹುಡುಗರು ಆಡುವುದು ದೀಪ ಹಾಕಿದ ಟರ್ಫಿನಲ್ಲಿ,
ಗಂಟೆಗೆ ಎಂಟುನೂರು.
ಹೋದ ಪಾಡ್ಯಕ್ಕೆ ಟ್ರಾಲರಿನ ಒಡಿಯಾ ಹುಡುಗರು ಬಂದು
ನಾವೂ ಆಡಲೇ ಎಂದರು, ಕೈಸನ್ನೆಯಲ್ಲಿ, ಮತ್ತೆ ಕಾಲಸನ್ನೆಯಲ್ಲಿ.
ಅವರಲ್ಲಿ ಒಬ್ಬ, ಮುಕುಂದ ಬೆಹೆರಾ,
ಚೆಂಡು ಕೂರುವ ಮೊದಲೇ ಅದರಡಿ ಕಾಲೊಡ್ಡುತ್ತಾನೆ.
ಮರಳು ಬಲ್ಲವನು.
ಎಲ್ಲಿ ಕಲಿತೆ ಎಂದೆ, ನನ್ನ ಹರಕು ಹಿಂದಿಯಲ್ಲಿ.
ಗಂಜಾಮಿನ ಒಂದು ಅಳಿವೆ ಬಾಯಿ ಅಂದ.
ಅಲ್ಲೂ ನೆಲ ಕೈಗಡವಂತೆ.

ಹನ್ನೊಂದನೇ ನಂಬರಿನ ಅಂಗಿ ಕೊಟ್ಟೆ, ಗಣಬಾನದು,
ಕಂಕುಳಲ್ಲಿ ಹೊಲಿಗೆ ಬಿಟ್ಟಿದೆ.
ವಹಿ ತೆರೆದು ಹೆಸರು ಬರೆದೆ. ಊರು ಎಂಬಲ್ಲಿ
ಪೆನ್ನು ನಿಂತಿತು.
ಅಷ್ಟರಲ್ಲಿ ಎಡಬದಿಗೆ ನೀರು ಬಂದಿತ್ತು,
ಕೊಡೋ, ಕೊಡೋ ಎಂದು ಯಾರೋ ಕೂಗುತ್ತಿದ್ದರು.
ವಹಿಯನ್ನು ತಲೆಯ ಮೇಲಿಟ್ಟುಕೊಂಡು
ನಾನು ನಾಲ್ಕು ಹೆಜ್ಜೆ ಹಿಂದೆ ಸರಿದೆ.